ಗೋಡೆಯ ಹಿಂದಿನ ಹಸು

ಸೆರೇಜಾ ಎಂಬ ಕೆಂದು ಹಸು ಕಾಣೆಯಾದ ಮರುದಿನ ಬೆಳಿಗ್ಗೆ, ಜುಲ್ಮೀರಾ ಗುಲಾರ್ಟ್ ಅದರ ಕೂಗನ್ನು ತನ್ನ ವೈನ್ ಕೋಣೆಯ ಹಿಂಗೋಡೆಯ ಒಳಗಿನಿಂದ ಕೇಳಿದಳು.

ದ್ರಾಕ್ಷಿ ಕೊಯ್ಲು ಆಗಷ್ಟೇ ಮುಗಿದಿತ್ತು. ಪೀಪಾಯಿಗಳಲ್ಲಿ ರಸ ಹುದುಗೇಳುತ್ತಿತ್ತು. ಅದನ್ನು ನೋಡಿ ಬರಲೆಂದು ಒಳಗೆ ಕಾಲಿಟ್ಟವಳಿಗೆ ಮೊದಲು ಪೀಪಾಯಿಯೇ ಗೊರಗುಟ್ಟಿದಂತೆ ಅನ್ನಿಸಿತು. ಎರಡನೆಯ ಸಲ ಕೇಳಿದಾಗ ಅನುಮಾನ ಉಳಿಯಲಿಲ್ಲ. ಕೆಚ್ಚಲು ಬಿಗಿದಾಗ ಸೆರೇಜಾ ಕೂಗುವುದೇ ಹಾಗೆ, ಕೊನೆಯಲ್ಲಿ ಸ್ವಲ್ಪ ಮೂಗಿನಿಂದ ಎಳೆದು. ಜುಲ್ಮೀರಾ ಕಲ್ಲಿಗೆ ಕಿವಿ ಹಚ್ಚಿ ಅದರ ಹೆಸರು ಹಿಡಿದು ಕರೆದಳು. ಒಳಗಿನಿಂದ ಉತ್ತರ ಬಂತು.

ಆ ಗೋಡೆ ಅವಳ ಗಂಡ ಲೌರಿಯಾನೊನ ಅಜ್ಜ ಕಟ್ಟಿದ್ದು. ಕೋಣೆಯ ಮಿಕ್ಕ ಗೋಡೆಗಳಿಗೆಲ್ಲ ಗಾರೆ ಮೆತ್ತಿದ್ದರೂ ಬೆಟ್ಟದ ಕಡೆಗಿದ್ದ ಇದೊಂದಕ್ಕೆ ಬರೀ ಕರಿಕಲ್ಲು ಪೇರಿಸಿ ಬಿಟ್ಟಿದ್ದರು. ಕಲ್ಲಿನ ಸಂದಿಗಳಿಂದ ಬೇಸಿಗೆಯಲ್ಲೂ ತಣ್ಣನೆ ಗಾಳಿ ಬರುತ್ತಿತ್ತು. ಚಳಿಗಾಲದಲ್ಲಿ ಅದೇ ಸಂದಿಗಳು ಮೇಣದಬತ್ತಿಯ ಕುಡಿಯನ್ನು ಒಳಕ್ಕೆ ಎಳೆದುಕೊಳ್ಳುತ್ತಿದ್ದವು. ಮದುವೆಯಾಗಿ ಬಂದ ಹೊಸತರಲ್ಲಿ ಜುಲ್ಮೀರಾ ಇದೇಕೆ ಹೀಗೆ ಎಂದು ಅತ್ತೆಯನ್ನು ಕೇಳಿದ್ದಳು. "ಬೆಟ್ಟ ಉಸಿರಾಡುತ್ತೆ. ನೀನು ಆ ಚೀಸ್ ಮಗುಚಿಹಾಕು," ಎಂದಿದ್ದಳು ಅತ್ತೆ. ಜ್ವಾಲಾಮುಖಿಯಿಂದ ಹುಟ್ಟಿದ ಪಿಕೊ ದ್ವೀಪದಲ್ಲಿ ಯಾವ ಮನೆಯಲ್ಲಿ ಕೇಳಿದ್ದರೂ ಇಂಥದೇ ಉತ್ತರ ಸಿಗುತ್ತಿತ್ತು. ಕಾಲ ಕೆಳಗೆ ಪೊಳ್ಳಿದೆ ಎಂಬುದು ಎಲ್ಲರಿಗೂ ಗೊತ್ತು. ಆ ಪೊಳ್ಳು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ. ಜುಲ್ಮೀರಾ ಚೀಸ್ ಮಗುಚಿಹಾಕುತ್ತ ಹಾಕುತ್ತ ಐವತ್ತು ದಾಟಿದ್ದಳು. ಪ್ರಶ್ನೆ ಮಾತ್ರ ಹಾಗೆಯೇ ಇತ್ತು.

ಹಿಂದಿನ ದಿನವೆಲ್ಲ ಗಂಡ ಹೆಂಡತಿ ಮೇಲಿನ ಹುಲ್ಲುಗಾವಲು, ಪಕ್ಕದವರ ಹುಲ್ಲುಗಾವಲು, ಕಡಲಂಚಿನ ಬಂಡೆ ಎಲ್ಲ ಸುತ್ತಿ ಬಂದಿದ್ದರು. ಜುಲ್ಮೀರಾ ಕಳೆದದ್ದನ್ನು ಹುಡುಕಿಕೊಡುವ ಸಂತ ಅಂತೋಣಿಗೆ ಪ್ರಾರ್ಥನೆಯನ್ನೂ ಸಲ್ಲಿಸಿದ್ದಳು. ಈಗ ಅವಳು ಕರೆದಾಗ ಲೌರಿಯಾನೊ ಓಡಿಬಂದು, ಗೋಡೆಯ ಮುಂದೆ ನಿಂತು, ಕೂಗು ಕೇಳಿ, ಟೋಪಿ ತೆಗೆದು ತಲೆ ಕೆರೆದುಕೊಂಡ.

"ನಿನ್ನ ಸಂತನಿಗೆ ಕಿವಿ ಸ್ವಲ್ಪ ಮಂದ ಕಣೇ," ಅಂದ. "ಹಸು ಹುಡುಕಿಕೊಡು ಅಂದ್ರೆ, ಗೋಡೆಯೊಳಗೆ ಇಟ್ಟು ಕೊಟ್ಟಿದ್ದಾನೆ."

ಮಾತು ತಮಾಷೆಯದಾದರೂ ಅವನ ಕೈ ಆಗಲೇ ಮೂಲೆಯಲ್ಲಿದ್ದ ಹಾರೆಗೆ ಹೋಗಿತ್ತು. ಜುಲ್ಮೀರಾ ಅಡ್ಡ ನಿಂತಳು. ಈ ಗೋಡೆಯ ಮೇಲೆ ಏನು ಕೂತಿದೆಯೋ, ಹಿಂದೆ ಏನಿದೆಯೋ ಗೊತ್ತಿಲ್ಲದೆ ಕಲ್ಲು ಕಿತ್ತರೆ ಹಸುವಿನ ಮೇಲೂ ಬೀಳಬಹುದು, ನಮ್ಮ ಮೇಲೂ ಬೀಳಬಹುದು ಎಂದಳು. ಅವನು ಹಾರೆ ಹಿಡಿದೇ ನಿಂತಿದ್ದಾಗ ಅವಳು ಫೋನು ತೆಗೆದುಕೊಂಡು ಜೆರ್ಮಾನೊ ಸಿಲ್ವೈರಾಗೆ ಕರೆ ಮಾಡಿದಳು.

ಜೆರ್ಮಾನೊ ಶಾಲೆಯ ಬಸ್ಸು ಓಡಿಸುವವ. ರಜೆಯ ದಿನ ಅವನನ್ನು ನೋಡಬೇಕಾದರೆ ನೆಲ ಅಗೆಯಬೇಕು ಎಂದು ಊರವರು ಹಾಸ್ಯ ಮಾಡುತ್ತಿದ್ದರು. ದ್ವೀಪದ ಗುಹೆ ತಂಡಕ್ಕೆ ಅವನೇ ಹಿರಿಯ. ಬರುವಾಗ ತಂಗಿಯ ಮಗಳು ಈರಿಯಾಳನ್ನೂ ಕರೆತಂದ. ಅವಳು ಪಕ್ಕದ ದ್ವೀಪದ ವಿಶ್ವವಿದ್ಯಾಲಯದಲ್ಲಿ ಗುಹೆಯ ಹುಳುಗಳ ಬಗ್ಗೆ ಓದಿ ಬಂದವಳು. ಇಬ್ಬರೂ ಗೋಡೆಗೆ ಕಿವಿ ಇಟ್ಟು ಕೇಳಿದರು. ಹುದುಗೇಳುವ ರಸದ ಕೆಟ್ಟ ಗಾಳಿ ಕೋಣೆಯಲ್ಲಿ ನಿಲ್ಲುತ್ತದೆಂದು ಜೆರ್ಮಾನೊ ಮೊದಲು ಬಾಗಿಲು ಕಿಟಕಿಗಳನ್ನೆಲ್ಲ ತೆರೆಸಿದ. ಆಮೇಲೆ ಲೌರಿಯಾನೊನ ಕೈಯಿಂದ ಹಾರೆಯನ್ನು ಮೆಲ್ಲಗೆ ಇಸಿದುಕೊಂಡು ಮೂಲೆಗೆ ಒರಗಿಸಿದ.

"ಹಸು ಗೋಡೆ ತೂರಿಕೊಂಡು ಹೋಗಿಲ್ಲ ಮಾರಾಯ. ಎಲ್ಲೋ ಮೇಲಿಂದ ಬಿದ್ದಿದೆ. ಆ ಬಾಗಿಲು ಯಾವುದು ಅಂತ ಮೊದಲು ನೋಡೋಣ."

ಮೇಲಿನ ಹುಲ್ಲುಗಾವಲಿನ ತುದಿಯಲ್ಲಿ ಉರ್ಜೆ ಎಂಬ ಕಾಡುಗಿಡದ ಮುದಿ ಪೊದೆಗಳು ಒತ್ತಾಗಿ ಬೆಳೆದಿದ್ದವು. ಅವನ್ನು ಕಡಿದು ಹುಲ್ಲಿಗೆ ಜಾಗ ಮಾಡಬೇಕೆಂದು ಲೌರಿಯಾನೊ ಎಷ್ಟೋ ವರ್ಷದಿಂದ ಹೇಳುತ್ತಲೇ ಇದ್ದ. ಹಿಂದಿನ ದಿನ ಅದರ ಪಕ್ಕದಲ್ಲೇ ಹಾದು ಹೋಗಿದ್ದರೂ ಇಬ್ಬರಿಗೂ ಏನೂ ಕಂಡಿರಲಿಲ್ಲ. ಈಗ ಈರಿಯಾ ಒಂದು ಕಡೆ ಮುಳ್ಳುಬಳ್ಳಿಯ ಎಲೆಗಳು ಗಾಳಿಯಿಲ್ಲದೆಯೂ ಅಲುಗಾಡುತ್ತಿರುವುದನ್ನು ತೋರಿಸಿದಳು. ಜೆರ್ಮಾನೊ ಎಲ್ಲರನ್ನೂ ಹಿಂದಕ್ಕೆ ಸರಿಸಿ, ಹೊಟ್ಟೆಯ ಮೇಲೆ ಮಲಗಿ, ಕೋಲಿನಿಂದ ಮುಂದಿನ ನೆಲವನ್ನು ತಟ್ಟುತ್ತ ತೆವಳಿದ. ಬಳ್ಳಿಯ ಕೆಳಗೆ ಮಣ್ಣು ಕುಸಿದು ತೂತಾಗಿತ್ತು. ಕೆಳಗೆ ಮಣ್ಣು ಕಲ್ಲಿನ ದಿಬ್ಬ, ಅದರ ಮೇಲೆ ಗೊರಸು ಜಾರಿದ ಗುರುತು, ಒಂದಿಷ್ಟು ಕೆಂಗೂದಲು.

ಲೌರಿಯಾನೊ ತಕ್ಷಣ ಹಗ್ಗ ತರಲು ಹೊರಟ. ಮನೆಯಲ್ಲಿ ಟಾರ್ಚ್ ಇದೆ, ಇಳಿದು ಹಿಡಿದುಕೊಂಡು ಬರುತ್ತೇನೆ, ಇದರಲ್ಲೇನಿದೆ ಎಂದ. ಆದರೆ ಅವನ ಮುಖ ಬಿಳಿಚಿಕೊಂಡಿದ್ದನ್ನು ಜುಲ್ಮೀರಾ ಕಂಡಳು. ತಲೆಯ ಮೇಲೆ ಆಕಾಶವಿಲ್ಲದ ಜಾಗ ಅವನಿಗೆ ಆಗುತ್ತಲೇ ಇರಲಿಲ್ಲ. ಎದುರಿನ ದ್ವೀಪ ಸಾವ್ ಜೋರ್ಜ್‌ಗೆ ದೋಣಿಯಲ್ಲಿ ಹೋಗುವಾಗಲೂ ಮಳೆಯಲ್ಲಿ ನೆನೆಯುತ್ತ ಹೊರಗೇ ನಿಲ್ಲುವ ಗಂಡಸು. ಜೆರ್ಮಾನೊ ಅವನ ಭುಜದ ಮೇಲೆ ಕೈಯಿಟ್ಟು, ಎಲ್ಲಕ್ಕಿಂತ ದೊಡ್ಡ ಕೆಲಸ ನಿನಗಿದೆ ಎಂದು ಕೂರಿಸಿದ. ಇಳಿಯುವವರು ತಾನು, ಈರಿಯಾ ಮತ್ತು ಜುಲ್ಮೀರಾ; ಹಸು ಬರುವುದು ಅವಳ ದನಿಗೆ ಮಾತ್ರ, ಅದಕ್ಕೇ ಅವಳು. ಇಗರ್ಜಿಯ ಮಧ್ಯಾಹ್ನದ ಗಂಟೆ ಹೊಡೆಯುವುದರೊಳಗೆ ಮೂವರೂ ಮೇಲೆ ಬರುತ್ತೇವೆ. ಬರದಿದ್ದರೆ ಲೌರಿಯಾನೊ ಅಗ್ನಿಶಾಮಕ ಠಾಣೆಗೆ ಫೋನು ಮಾಡಬೇಕು.

"ನಾನೂ ಇಳಿದು ನೋಡ್ತೀನಿ ಅಂತ ಮಾತ್ರ ಬರಬೇಡ," ಅಂದ ಜೆರ್ಮಾನೊ. "ನೀನು ಒಳಗೆ ಬಂದ್ರೆ ಹುಡುಕಬೇಕಾದೋರು ಒಬ್ಬರು ಜಾಸ್ತಿ ಆಗ್ತಾರೆ, ಅಷ್ಟೇ."

ಜುಲ್ಮೀರಾಳ ತಲೆಗೆ ಹೆಲ್ಮೆಟ್ ಬಂತು, ಅದರ ಮೇಲೊಂದು ದೀಪ. ಅದು ಸಾಲದೆಂಬಂತೆ ಜೇಬಿಗೆ ಇನ್ನೊಂದು, ಕೊರಳಿಗೆ ಮತ್ತೊಂದು. ಒಂದು ಕೆಟ್ಟರೆ ಇನ್ನೊಂದು, ಅದೂ ಕೆಟ್ಟರೆ ಮಗದೊಂದು ಎಂದು ಈರಿಯಾ ವಿವರಿಸಿದಳು. ಮೊಣಕಾಲಿಗೆ ಕವಚ, ಕೈಗೆ ಕೈಗವಸು. ಅಷ್ಟರ ಮೇಲೆ ಅವಳ ರಬ್ಬರ್ ಬೂಟನ್ನು ಬಕೆಟ್ಟಿನಲ್ಲಿ ಬ್ರಷ್ ಹಾಕಿ ತಿಕ್ಕತೊಡಗಿದಳು. ಮೇಲಿನ ಮಣ್ಣು, ಬೀಜ, ಬೂಷ್ಟು ಒಳಗೆ ಹೋಗಬಾರದಂತೆ.

"ಸೆರೇಜಾ ಕಾಲು ತೊಳ್ಕೊಂಡು ಇಳಿದಿದ್ಯಾ?" ಎಂದು ಕೇಳಿದಳು ಜುಲ್ಮೀರಾ.

"ಅದಕ್ಕೆ ಹೇಳೋರು ಇರಲಿಲ್ಲ ಚಿಕ್ಕಮ್ಮ," ಎಂದಳು ಈರಿಯಾ, ತಿಕ್ಕುವುದನ್ನು ನಿಲ್ಲಿಸದೆ.

ಗಟ್ಟಿ ಬಂಡೆಗೆ ಬಿಗಿದ ಏಣಿಯಿಂದ ಮೊದಲು ಜೆರ್ಮಾನೊ ಇಳಿದು, ಅಂಗೈಯಗಲದ ಯಂತ್ರದಲ್ಲಿ ಗಾಳಿ ಸರಿಯಿದೆಯೇ ಎಂದು ನೋಡಿ, ಮೇಲಿನವರನ್ನು ಕರೆದ. ಜುಲ್ಮೀರಾ ಇಳಿದು ದಿಬ್ಬದ ಬುಡಕ್ಕೆ ಬಂದು ತಲೆಯೆತ್ತಿದಳು. ಅವಳು ಊಹಿಸಿಕೊಂಡಿದ್ದು ಬಿಲದಂಥ ಏನನ್ನೋ. ಕಂಡದ್ದು ಬಸ್ಸು ಹೋಗುವಷ್ಟು ಅಗಲದ ದಾರಿ. ಕಮಾನು ಕಟ್ಟಿದ ಮಾಡು, ಅದರಡಿ ಕೆಳಗೆ ಕೆಳಗೆ ಇಳಿಯುತ್ತ ಕತ್ತಲಿಗೆ ಸೇರಿಹೋಗುವ ನೆಲ. ಗೋಡೆಗಳು ಬೆಲ್ಲದ ಪಾಕ ಹೊಯ್ದು ಆರಿಸಿದಂತೆ ನುಣುಪಾಗಿ ಮಿರುಗುತ್ತಿದ್ದವು. ಅವುಗಳ ಮೇಲೆ ಉದ್ದಕ್ಕೂ ಗೆರೆಗಳು. ಕಲ್ಲು ಕರಗಿ ಇದರೊಳಗೆ ಹರಿದಿದೆ, ಹೊಳೆ ಇಳಿದಂತೆ ದಂಡೆಯ ಗುರುತು ಬಿಟ್ಟಿದೆ ಎಂದು ಜೆರ್ಮಾನೊ ಹೇಳಿದ. ಮೇಲೆ ಹೆಪ್ಪುಗಟ್ಟಿ ಮಾಡಾಯಿತು, ಒಳಗಿನದು ಹರಿದು ಖಾಲಿಯಾಯಿತು. ಮಾಡಿನಿಂದ ಚಿಕ್ಕ ಚಿಕ್ಕ ಕಲ್ಲಿನ ತೊಟ್ಟುಗಳು ಇಳಿಬಿದ್ದಿದ್ದವು. ಹಸುವಿನ ಮೊಲೆಗಳ ಹಾಗಿವೆ ಎಂದು ಜುಲ್ಮೀರಾ ಅಂದುಕೊಂಡಳು. ಗೊತ್ತಿಲ್ಲದೆ ಕೈ ಮೇಲೆ ಹೋಯಿತು. ಈರಿಯಾ ಮಣಿಕಟ್ಟು ಹಿಡಿದಳು.

ಆಮೇಲೆ ಜುಲ್ಮೀರಾ ಎರಡೂ ಕೈ ಹಿಂದೆ ಕಟ್ಟಿಕೊಂಡೇ ನೋಡಿದಳು, ಹತ್ತುವಾಗ ಇಳಿಯುವಾಗ ಮಾತ್ರ ಬಿಟ್ಟು. ಒಂದು ಕಡೆ ಗೋಡೆಯ ಮೇಲೆ ಚಿನ್ನದ ಪುಡಿ ಎರಚಿದಂತೆ ಹಳದಿ ಚುಕ್ಕೆಗಳು ದೀಪಕ್ಕೆ ಮಿನುಗಿದವು. ಬಂಗಾರವೇ ಎಂದು ಕೇಳಿದಳು. ಬಂಗಾರವಲ್ಲ, ಜೀವ ಎಂದಳು ಈರಿಯಾ; ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಊರುಗಳು, ಹೊಳೆಯುವುದು ಅವುಗಳ ಮೇಲೆ ಕೂತ ನೀರು. ಒಂದು ಸಲ ಬೆರಳು ತಾಗಿದರೆ ಆ ಜಾಗ ಬೋಳಾಗುತ್ತದೆ. ಇನ್ನೂ ಸ್ವಲ್ಪ ಮುಂದೆ ಮಾಡಿನ ಬಿರುಕುಗಳಿಂದ ಬೇರುಗಳು ಕೂದಲಿನಂತೆ ಜೋತಾಡುತ್ತಿದ್ದವು. ಈರಿಯಾ ಅಲ್ಲಿ ನಿಂತುಬಿಟ್ಟಳು. ದೀಪವನ್ನು ಓರೆ ಮಾಡಿ, ಉಸಿರು ಬಿಗಿಹಿಡಿದು, ಬೇರಿನ ಮೇಲೆ ಎಳ್ಳಿನಷ್ಟು ದೊಡ್ಡದಾದ ಒಂದು ಬಿಳಿ ಹುಳವನ್ನು ತೋರಿಸಿದಳು. ಅದಕ್ಕೆ ಕಣ್ಣಿರಲಿಲ್ಲ. ಅದರ ಊಟವೆಲ್ಲ ಈ ಬೇರಿನ ರಸವೇ, ಬೇರು ಒಣಗಿದರೆ ಅದಕ್ಕೆ ಹೋಗಲು ಬೇರೆ ಜಾಗವಿಲ್ಲ ಎಂದಳು.

"ಯಾವ ಗಿಡದ ಬೇರು ಇದು?" ಎಂದು ಕೇಳಿದಳು ಜುಲ್ಮೀರಾ.

"ನಾವು ನಡೆದಿದ್ದು ಸ್ವಲ್ಪವೇ ದೂರ ನೋಡಿ. ನಿಮ್ಮ ಉರ್ಜೆ ಪೊದೆಗಳ ಕೆಳಗೇ ಇದ್ದೀವಿ."

ಜುಲ್ಮೀರಾ ಬೇರುಗಳನ್ನು ಮತ್ತೊಮ್ಮೆ ತಲೆಯೆತ್ತಿ ನೋಡಿದಳು. ಗಂಡ ಕೊಡಲಿ ಮಸೆದಿಟ್ಟು ಮಳೆ ನಿಲ್ಲಲೆಂದು ಕಾಯುತ್ತಿದ್ದ ಸಂಗತಿ ಅವಳಿಗೆ ನೆನಪಾಗಿತ್ತು.

ದಾರಿಯಲ್ಲಿ ಅಲ್ಲಲ್ಲಿ ಸೆಗಣಿ ಬಿದ್ದಿತ್ತು. ಒಂದು ಕಡೆ ಸುರಂಗ ಎರಡಾಗಿ ಒಡೆದಿತ್ತು. ಅಗಲದ್ದು ನೇರ ಕೆಳಕ್ಕೆ. ಇನ್ನೊಂದು ಬಲಕ್ಕೆ, ಸೊಂಟದೆತ್ತರದ ಬಾಯಿ. ಆ ಬಾಯಿಂದ ಬೇರೆಯೇ ತರಹದ ಗಾಳಿ ಬರುತ್ತಿತ್ತು, ಒದ್ದೆ ಕಬ್ಬಿಣದ ವಾಸನೆಯದು. ಸೆಗಣಿ ಬಿದ್ದಿದ್ದು ಅಗಲದ ದಾರಿಯಲ್ಲಿ. ಜೆರ್ಮಾನೊ ಅತ್ತಲೇ ತಿರುಗಿದ. ಜುಲ್ಮೀರಾ ಸಣ್ಣ ಬಾಯಿಯ ಕಡೆ ಕತ್ತು ತಿರುಗಿಸಿಕೊಂಡೇ ನಡೆದಳು.

ಸೆರೇಜಾ ಸುರಂಗದ ತುದಿಯಲ್ಲಿ ನಿಂತಿತ್ತು. ಮಾಡಿನಿಂದ ತೊಟ್ಟಿಕ್ಕಿದ ನೀರು ಒಂದು ಗುಳಿಯಲ್ಲಿ ನಿಂತಿದ್ದು, ಅದನ್ನು ಕುಡಿದು, ಮುಂಗಾಲು ತರಚಿಕೊಂಡಿದ್ದರೂ ನೆಟ್ಟಗೆ ನಿಂತು, ಬಂದವರನ್ನು ಯಾಕಿಷ್ಟು ತಡ ಎಂಬಂತೆ ನೋಡಿತು. ಜುಲ್ಮೀರಾ ಅದರ ಕೊರಳು ತಬ್ಬಿಕೊಂಡಳು. ಬಿಗಿದ ಕೆಚ್ಚಲು ಮುಟ್ಟಿದರೆ ನೋಯುತ್ತಿತ್ತು. ನೋವು ಇಳಿಯುವಷ್ಟು ಹಾಲನ್ನು ಈರಿಯಾ ಕೊಟ್ಟ ಚೀಲದೊಳಗೇ ಹಿಂಡಿದಳು. ನೆಲಕ್ಕೆ ಚೆಲ್ಲುವ ಹಾಗಿರಲಿಲ್ಲ. ಆಗಲೇ ಅವಳ ಕಣ್ಣು ಹಸುವಿನ ಆಚೆಗೆ ಹೋಯಿತು. ದಾರಿಯನ್ನು ಮುಚ್ಚಿದ್ದ ಕಲ್ಲಿನ ರಾಶಿಯ ಸಂದಿಗಳಿಂದ ಬೆಳಕಿನ ಎಳೆಗಳು ಬರುತ್ತಿದ್ದವು. ಹತ್ತಿರ ಹೋಗಿ ಒಂದು ಸಂದಿಗೆ ಕಣ್ಣಿಟ್ಟಳು.

ಕಂಡದ್ದು ಅವಳ ವೈನ್ ಕೋಣೆ. ಪೀಪಾಯಿಗಳ ಬೆನ್ನು, ಹಲಗೆಯ ಮೇಲಿನ ಚೀಸ್, ಬೆಳಿಗ್ಗೆ ಮರೆತುಬಿಟ್ಟಿದ್ದ ಮಗ್ಗು, ತೆರೆದ ಬಾಗಿಲಾಚೆ ಅಂಗಳದ ಬಿಸಿಲು. ಇಷ್ಟು ವರ್ಷ ಆ ಕಡೆ ನಿಂತು ಈ ಕಡೆಯ ಬಗ್ಗೆ ಯೋಚಿಸಿದವಳು ಈಗ ಈ ಕಡೆ ನಿಂತಿದ್ದಳು. ಯಾರೋ ಬೇರೆಯವರ ಮನೆಯನ್ನು ಕದ್ದು ನೋಡಿದ ಹಾಗಾಯಿತು. ಅವಳ ಬೆನ್ನ ಹಿಂದಿನಿಂದ ತಣ್ಣನೆ ಗಾಳಿ ಬಂದು, ಕೆನ್ನೆ ಸವರಿ, ಸಂದಿಯಿಂದ ಆಚೆಗೆ ಹೋಗುತ್ತಿತ್ತು. ಅವಳಿಗೆ ನಗು ಬಂತು.

ಜೆರ್ಮಾನೊ ಗೋಡೆಯನ್ನೂ ಮಾಡನ್ನೂ ತುಂಬ ಹೊತ್ತು ನೋಡಿದ. ಏಣಿಯಲ್ಲಿ ಹಸುವನ್ನು ಹತ್ತಿಸಲಾಗದು. ಕ್ರೇನ್ ತರಿಸೋಣವೆಂದರೆ ಹುಲ್ಲುಗಾವಲಿನ ತೆಳು ನೆಲ ಆ ಭಾರ ತಡೆಯದು. ಕ್ರೇನನ್ನೇ ಎತ್ತಲು ಇನ್ನೊಂದು ಕ್ರೇನ್ ಬೇಕಾದೀತು. ಮಾಡು ಒಂದೇ ಕಲ್ಲಿನ ಕಮಾನು, ಗೋಡೆಯ ಆಸರೆ ಅದಕ್ಕೆ ಬೇಕಿಲ್ಲ. ಮೇಲೆ ಹೋಗಿ, ಮನೆಯ ಕಡೆಯಿಂದ ಮೇಲಿನ ಕಲ್ಲು ಮೊದಲು ಎಂಬಂತೆ ಬಿಚ್ಚಿ, ಹಸುವನ್ನು ಕೋಣೆಯೊಳಗಿಂದ ಹೊರತರಬಹುದು. ಸರಿ ಎಂದ.

ಹಾಗಿದ್ದರೆ ಈಗಲೇ ಇಲ್ಲಿಂದಲೇ ಎರಡು ಕಲ್ಲು ತಳ್ಳಿದರಾಯಿತಲ್ಲ ಎಂದಳು ಜುಲ್ಮೀರಾ. ಹಸುವನ್ನು ಬಿಟ್ಟು ಹೋಗಲು ಅವಳಿಗೆ ಮನಸ್ಸಿರಲಿಲ್ಲ.

"ಗಂಟೆಯ ಮಾತು ಕೊಟ್ಟಿದ್ದೀವಲ್ಲ," ಅಂದ ಜೆರ್ಮಾನೊ. "ಅದನ್ನ ನಂಬಿ ಒಬ್ಬ ಮೇಲೆ ಕೂತಿದ್ದಾನೆ. ಹಸುಗೆ ನೀರಿದೆ, ಗಾಳಿ ಇದೆ. ಅವನಿಗೆ ನಮ್ಮ ಮಾತು ಬಿಟ್ಟರೆ ಏನೂ ಇಲ್ಲ."

ಮರಳುವಾಗ ಸೆಗಣಿಯನ್ನೆಲ್ಲ ಚೀಲಕ್ಕೆ ತುಂಬಿದರು. ಅಷ್ಟು ಗೊಬ್ಬರ ಒಳಗೆ ಉಳಿದರೆ ಇಲ್ಲಿಯ ಜೀವಿಗಳ ಊಟವೇ ಬದಲಾಗಿ ಹೊರಗಿನ ಹುಳುಗಳು ಬಂದು ಸೇರುತ್ತವೆಂದು ಈರಿಯಾ ಹೇಳಿದಳು. ಜೀವಮಾನವೆಲ್ಲ ಸೆಗಣಿ ಬಾಚಿದವಳಿಗೆ ಅದನ್ನು ಇಷ್ಟು ನಾಜೂಕಾಗಿ, ಚಮಚದಲ್ಲಿ, ಬಾಚಿದ ನೆನಪಿರಲಿಲ್ಲ.

ದಾರಿ ಒಡೆಯುವಲ್ಲಿ ಚೀಲ ಕಟ್ಟಲೆಂದು ಎಲ್ಲರೂ ನಿಂತರು. ಸಣ್ಣ ಬಾಯಿಯ ಗಾಳಿ ಜುಲ್ಮೀರಾಳ ಕೊರಳಿಗೆ ತಾಗುತ್ತಿತ್ತು. ಅವಳು ಬಗ್ಗಿ ದೀಪ ಹಾಯಿಸಿದಳು. ಒಳಗೆ ದಾರಿ ಮತ್ತೆ ಎತ್ತರವಾಗಿ, ಸಣ್ಣದೊಂದು ತಿರುವು ತೆಗೆದುಕೊಂಡು ಕಣ್ಮರೆಯಾಗಿತ್ತು. ನೆಲ ಕನ್ನಡಿಯಂತಿತ್ತು, ಕಲ್ಲಿನ ಸಣ್ಣ ಸಣ್ಣ ಅಲೆಗಳು ನಿಂತಲ್ಲೇ ನಿಂತಿದ್ದವು. ಆ ತಿರುವಿನಾಚೆ ಏನಿದೆ ಎಂದು ನೋಡಬೇಕು, ಬರೀ ನೋಡಬೇಕು, ಅಷ್ಟೇ ಅವಳ ತಲೆಯಲ್ಲಿದ್ದುದು. ಜೆರ್ಮಾನೊ ಬೆನ್ನು ತಿರುಗಿಸಿದ್ದ. ಅವಳು ಬಾಗಿ ಒಳಗೆ ಹೋಗಿ ಒಂದು ಕಾಲಿಟ್ಟಳು.

ಹಪ್ಪಳ ಮುರಿದ ಸದ್ದಾಯಿತು. ಹಿಮ್ಮಡಿ ಒಂದಿಷ್ಟು ಕೆಳಗಿಳಿಯಿತು. ಕಾಲು ಹಿಂದೆಳೆದುಕೊಂಡು ದೀಪ ಹಿಡಿದಳು. ಕರಿ ಪದರ ಗಾಜಿನಂತೆ ಚೂರಾಗಿ, ಅವಳ ಬೂಟಿನ ಆಕಾರದಲ್ಲಿ ಒಂದು ಗುಂಡಿ ಬಿದ್ದಿತ್ತು. ಅದರಡಿ ಟೊಳ್ಳು. ಕಾಲಿಗೆ ಏನೂ ಆಗಿರಲಿಲ್ಲ.

ಜೆರ್ಮಾನೊ ಬಂದು ಬಗ್ಗಿ ನೋಡಿದ. ಬೈಯುತ್ತಾನೆಂದು ಅವಳು ಕಾದಳು. ಬೈದಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಅವನು ಮೊದಲು ಅವಳ ಕಾಲು ಸರಿಯಿದೆಯೇ ಎಂದು ಕೇಳಿದ. ಆಮೇಲೆ ಮೆಲ್ಲಗೆ ಹೇಳಿದ: "ಬೆಂಕಿ ಹರಿದು ಹೋದ ದಿನದಿಂದ ಇಲ್ಲಿ ಯಾರೂ ಕಾಲಿಟ್ಟಿರಲಿಲ್ಲ. ಇದು ಇನ್ನು ಕೂಡಿಕೊಳ್ಳಲ್ಲ ಜುಲ್ಮೀರಾ."

ಅವಳು ಚೂರುಗಳನ್ನು ನೋಡುತ್ತ ಕುಕ್ಕರುಗಾಲಿನಲ್ಲಿ ಕುಳಿತಳು. ಮಳೆ ಬಂದರೆ ಹೆಜ್ಜೆ ಅಳಿಸುತ್ತದೆ, ಹುಲ್ಲು ಮತ್ತೆ ಏಳುತ್ತದೆ, ಕಲ್ಲುಗೋಡೆ ಬಿದ್ದರೆ ಮತ್ತೆ ಪೇರಿಸಬಹುದು. ಅವಳು ಬಲ್ಲ ಲೋಕವೆಲ್ಲ ಹಾಗಿತ್ತು. ಇಲ್ಲಿ ಮಳೆ ಬರುವುದಿಲ್ಲ. ಮೊಮ್ಮಕ್ಕಳ ಮೊಮ್ಮಕ್ಕಳು ಬಂದರೂ ಅವಳ ಬೂಟು ಇಲ್ಲಿ ಹೀಗೇ ಇರುತ್ತದೆ. ಈರಿಯಾ ಸಣ್ಣ ಬಾಯಿಗೆ ಅಡ್ಡಲಾಗಿ ಬಿಳಿ ದಾರವೊಂದನ್ನು ಎರಡು ಕಲ್ಲುಗಳ ನಡುವೆ ಕಟ್ಟಿದಳು.

ಇದರಲ್ಲಿ ಹೊತ್ತು ಹೋಗಿತ್ತು. ಅವರು ಮಣ್ಣಿನ ದಿಬ್ಬ ತಲುಪುವಾಗ ಮೇಲೆ ಗಂಟೆ ಹೊಡೆಯತೊಡಗಿತು. ಜೆರ್ಮಾನೊನ ಹೆಲ್ಮೆಟ್ ತೂತಿನಿಂದ ಹೊರಬಂದಾಗ ಲೌರಿಯಾನೊ ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಹಗ್ಗ ಹಿಡಿದು ನಿಂತಿದ್ದ. ಸೊಂಟಕ್ಕೆ ಹಗ್ಗದ ಒಂದು ಸುತ್ತು ಆಗಲೇ ಬಿದ್ದಿತ್ತು. ಫೋನಿನಲ್ಲಿ ಠಾಣೆಯವರು ಹಲೋ ಹಲೋ ಎನ್ನುತ್ತಿದ್ದರು. ಜೆರ್ಮಾನೊ ಅದನ್ನು ತೆಗೆದುಕೊಂಡು, ಎಲ್ಲರೂ ಕ್ಷೇಮ, ಆದರೂ ಬನ್ನಿ, ಕಲ್ಲು ಹೊರಲು ಜನ ಬೇಕು ಎಂದ. ಲೌರಿಯಾನೊ ಹೆಂಡತಿಯ ಮುಖ ನೋಡಿದ. ಏನಾಯಿತೆಂದು ಕೇಳಿದ. ಹಸು ಸಿಕ್ಕಿತು ಎಂದಳು. ಅದು ಸರಿ, ನಿನಗೇನಾಯಿತು ಎಂದ. ಅವಳು ಅವನ ಸೊಂಟದ ಹಗ್ಗ ಬಿಚ್ಚಿ ಕೈಗೆ ಕೊಟ್ಟಳು.

ಗೋಡೆ ಬಿಚ್ಚುವ ಕೆಲಸಕ್ಕೆ ಅಗ್ನಿಶಾಮಕದವರು ಬಂದರು, ನೆರೆಯವರು ಬಂದರು, ಏನೂ ಮಾಡದೆ ಸಲಹೆ ಕೊಡುವವರೂ ಬಂದರು. ಒಂದೊಂದೇ ಕಲ್ಲನ್ನು ತೆಗೆದು, ಯಾವ ಸಾಲಿನದು ಎಂದು ಸೀಮೆಸುಣ್ಣದಲ್ಲಿ ಗುರುತು ಹಾಕಿ, ಅಂಗಳದಲ್ಲಿ ಅದೇ ಸಾಲಾಗಿ ಇಟ್ಟರು. ಹಸು ನುಸುಳುವಷ್ಟು ಜಾಗವಾದ ಮೇಲೆ ಜುಲ್ಮೀರಾ ಎಲ್ಲರನ್ನೂ ಹೊರಗೆ ಕಳಿಸಿ, ಬಾಗಿಲಲ್ಲಿ ನಿಂತು, ಹಾಲು ಕರೆಯುವ ಹೊತ್ತಿಗೆ ಕರೆಯುವಂತೆಯೇ ನಾಲಿಗೆ ಲೊಚಗುಟ್ಟಿಸಿ ಕರೆದಳು. ಬೆಟ್ಟದೊಳಗಿನಿಂದ ಕೆಂಪು ಮೂತಿ ಬಂತು, ಕೊಂಬು ಬಂತು, ಆಮೇಲೆ ಇಡೀ ಹಸು ಪೀಪಾಯಿಗಳ ನಡುವೆ ಬಂದು ನಿಂತಿತು. ಮೂಲೆಯಲ್ಲಿ ಹಿಂಡಿದ, ಹುದುಗೆದ್ದ ದ್ರಾಕ್ಷಿಯ ಸಿಪ್ಪೆ ಗುಡ್ಡೆ ಹಾಕಿದ್ದರು. ಸೆರೇಜಾ ಅದಕ್ಕೆ ಬಾಯಿ ಹಾಕಿತು. ಎಳೆದರೂ ಬರಲಿಲ್ಲ, ತಳ್ಳಿದರೂ ಬರಲಿಲ್ಲ. ಇಡೀ ಊರು ಬಾಗಿಲಲ್ಲಿ ನಿಂತು ಅದು ತಿಂದು ಮುಗಿಸುವುದನ್ನು ಕಾಯಬೇಕಾಯಿತು. ನಾಳೆ ಇದರ ಹಾಲು ಕುಡಿದವರು ಇಗರ್ಜಿಗೆ ಹೋಗಬಾರದು ಎಂದು ಯಾರೋ ಅಂದರು.

ಹಸು ಹೊರಗೆ ಹೋದ ಮೇಲೆ ಲೌರಿಯಾನೊ ತೆರೆದ ಬಾಯಿಯ ಮುಂದೆ, ಆದರೆ ಸಾಕಷ್ಟು ದೂರದಲ್ಲಿ, ನಿಂತು ಯೋಚಿಸಿದ. ಇಲ್ಲಿ ಒಂದು ಒಳ್ಳೆಯ ಬಾಗಿಲು ಇಡಿಸಿದರೆ ಬೇಸಿಗೆಯಲ್ಲಿ ಬರುವ ಪ್ರವಾಸಿಗರಿಗೆ ತೋರಿಸಬಹುದು, ಒಂದೊಂದು ಲೋಟ ವೈನ್ ಕೂಡ ಕೊಡಬಹುದು ಎಂದ. ಹುಲ್ಲುಗಾವಲಿನ ತೂತಿಗೆ ಒಂದು ಲಾರಿ ಕಲ್ಲು ಸುರಿದರೆ ಅದೂ ಮುಗಿಯಿತು. ಈರಿಯಾ ಮಾತಾಡಲು ಬಾಯಿ ತೆರೆದಳು. ಅಷ್ಟರಲ್ಲಿ ಜುಲ್ಮೀರಾ ಅಂಗಳದಿಂದ ಕಲ್ಲೊಂದನ್ನು ಎತ್ತಿಕೊಂಡು ಬಂದು ಗೋಡೆಯ ಬುಡದಲ್ಲಿಟ್ಟಳು.

"ಮೊದಲು ಹೇಗಿತ್ತೋ ಹಾಗೇ ಇರಲಿ," ಎಂದಳು. "ಸಂದಿ ಸಮೇತ."

"ಯಾಕೆ? ನಿನಗೇ ಅಲ್ವಾ ಅದರೊಳಗೆ ಏನಿದೆ ಅಂತ ನೋಡೋ ಹುಚ್ಚು ಇದ್ದದ್ದು?"

"ಇದೆ. ಅದಕ್ಕೇ ಹೇಳ್ತಿರೋದು. ಇಲ್ಲಿ ಬಾಗಿಲಿಟ್ಟರೆ ಗಾಳಿ ಹುಚ್ಚೆದ್ದು ಓಡುತ್ತೆ, ಒಳಗಿನ ತೇವ ಆರುತ್ತೆ, ಆ ಬೇರಿನ ಮೇಲಿರೋದು ಸಾಯುತ್ತೆ. ಮತ್ತೆ ಬಂದೋರೆಲ್ಲ ಒಂದೊಂದು ಕಾಲಿಡ್ತಾರೆ." ಅವಳು ನಿಂತು ಉಸಿರು ತೆಗೆದುಕೊಂಡಳು. "ನಾನು ಇಟ್ಟೆ. ಒಂದೇ ಕಾಲು. ಬೇಡ ಅಂತ ಗೊತ್ತಿದ್ದೂ ಇಟ್ಟೆ."

ಲೌರಿಯಾನೊ ಅವಳನ್ನು ನೋಡಿದ. ಮದುವೆಯಾದಾಗಿನಿಂದ ಹೆಂಡತಿ ತಪ್ಪು ಒಪ್ಪಿದ್ದನ್ನು ಅವನು ನೋಡಿದ್ದು ಕಡಿಮೆ. ಒಪ್ಪಿದಾಗ ವಾದ ಮಾಡಬಾರದೆಂಬುದನ್ನು ಕಲಿತಿದ್ದ. ಹೋಗಿ ಇನ್ನೊಂದು ಕಲ್ಲು ತಂದ. ಕತ್ತಲಾಗುವುದರೊಳಗೆ ಗೋಡೆ ಮತ್ತೆ ಎದ್ದು ನಿಂತಿತು.

ಉರ್ಜೆ ಪೊದೆಗಳ ವಿಷಯಕ್ಕೆ ಇನ್ನೂ ಕೆಲವು ದಿನ ಬೇಕಾದವು. ಎಳ್ಳಿನಷ್ಟು ಹುಳಕ್ಕೋಸ್ಕರ ಒಂದು ಹಸು ಮೇಯುವಷ್ಟು ಹುಲ್ಲು ಬಿಡಬೇಕೇ ಎಂದು ಅವನು ಊಟಕ್ಕೆ ಕೂತಾಗಲೆಲ್ಲ ಮಾತು ತೆಗೆದ. ಅಲ್ಲಿ ಮೇದ ಹಸು ಎಲ್ಲಿಗೆ ಹೋಯಿತೆಂದು ನೋಡಿದೆಯಲ್ಲ ಎಂದು ಅವಳು ಪ್ರತಿಸಲವೂ ಕೇಳಿದಳು. ಕೊನೆಗೆ ಅವನು ಪೊದೆಗಳನ್ನೂ ತೂತನ್ನೂ ಸೇರಿಸಿ ಸುತ್ತಲೂ ಎದೆಮಟ್ಟದ ಕಲ್ಲುಗೋಡೆ ಕಟ್ಟಿದ. ನೆಲ ತೆಳುವಾದ ಜಾಗದಿಂದ ಎಷ್ಟು ದೂರ ಕಟ್ಟಬೇಕೆಂದು ಜೆರ್ಮಾನೊ ಗೂಟ ಹೊಡೆದು ತೋರಿಸಿದ್ದ. ಕೊಡಲಿ ಕೊಟ್ಟಿಗೆಯ ಮೊಳೆಗೆ ಹೋಯಿತು.

ಚಳಿಗಾಲ ಕಳೆದು ವಸಂತ ಬಂದ ಮೇಲೆ ಗುಹೆ ತಂಡ ಸುರಂಗದ ನಕ್ಷೆ ಬರೆಯಲು ಬಂತು. ಜುಲ್ಮೀರಾ ಈಗ ಅವರಲ್ಲೊಬ್ಬಳು. ಅಳತೆಯ ಪಟ್ಟಿಯ ತುದಿ ಹಿಡಿಯುವವಳು, ಹೊಸಬರ ಬೂಟು ತಿಕ್ಕಿಸುವವಳು. ಬಿಳಿ ದಾರದ ಮುಂದೆ ಎಲ್ಲರೂ ನಿಂತರು. ದಾಟಲು ಅಂಚಿನಲ್ಲಿ ಬಂಡೆಯಿದೆಯೇ, ಪದರಕ್ಕೆ ತಾಗದೆ ಹೋಗುವ ದಾರಿಯಿದೆಯೇ ಎಂದು ಜೆರ್ಮಾನೊ ಎರಡೂ ಬದಿ ಹುಡುಕಿದ. ಇರಲಿಲ್ಲ. ಹಾಗಾದರೆ ಇಲ್ಲಿಗೆ ಸಾಕು ಎಂದ. ಹೊಸದಾಗಿ ತಂಡ ಸೇರಿದ್ದ ಒಬ್ಬ, ಬರಿಗಾಲಲ್ಲಿ ಹಗುರವಾಗಿ ಹೋಗಿ ಆ ತಿರುವನ್ನೊಮ್ಮೆ ಇಣುಕಿ ಬರಲೇ ಎಂದು ಕೇಳಿದ. ಜುಲ್ಮೀರಾ ಅವನನ್ನು ಕರೆದು, ದಾರದಾಚೆ ದೀಪ ಹಾಯಿಸಿ, ತನ್ನ ಬೂಟಿನ ಗುರುತು ತೋರಿಸಿದಳು. ಅದು ನಿನ್ನೆ ಬಿದ್ದಂತೆ ಇತ್ತು. ಅವನು ಮತ್ತೆ ಕೇಳಲಿಲ್ಲ.

ಆಮೇಲೆ ದೊಡ್ಡ ದೀಪ ತರಿಸಿ ಒಳಕ್ಕೆ ಬಿಟ್ಟರು. ನಿಂತ ಅಲೆಗಳ ಮೇಲೆ ಬೆಳಕು ಜಾರಿಕೊಂಡು ಹೋಗಿ, ತಿರುವಿನ ಗೋಡೆಗೆ ಬಡಿದು, ಸ್ವಲ್ಪ ಆಚೆಗೂ ಚೆಲ್ಲಿತು. ಆಚೆ ಮಾಡು ಕಾಣಲಿಲ್ಲ. ಎತ್ತರ ಎಷ್ಟೆಂದು ಹೇಳಲು ಯಾರಿಗೂ ಆಗಲಿಲ್ಲ. ಜುಲ್ಮೀರಾ ಹೊಟ್ಟೆಯ ಮೇಲೆ ಮಲಗಿ, ಗದ್ದದ ಕೆಳಗೆ ಕೈಯಿಟ್ಟುಕೊಂಡು, ಬೇರೆಯವರು ಸಾಮಾನು ಕಟ್ಟುವ ತನಕವೂ ನೋಡುತ್ತಲೇ ಇದ್ದಳು. ಮೊದಲ ದಿನದಷ್ಟೇ ಆಸೆ ಈಗಲೂ ಇತ್ತು. ಆದರೆ ಕಾಲು ತಾನಾಗಿ ಹೋಗುವಂಥ ಆಸೆಯಾಗಿರಲಿಲ್ಲ.

ಮೇಲೆ ಲೌರಿಯಾನೊ ಗೋಡೆಯ ಮೇಲೆ ಕೂತಿದ್ದ. ಈಚೆಗೆ ದ್ವೀಪದಲ್ಲಿ ಯಾರು ಎಲ್ಲಿ ಇಳಿದರೂ ಹೊರಗೆ ಕಾಯಲು ಅವನನ್ನೇ ಕರೆಯುತ್ತಿದ್ದರು. ಫೋನು, ಹೊದಿಕೆ, ಸಿಹಿ ಬ್ರೆಡ್ಡು, ಫ್ಲಾಸ್ಕಿನಲ್ಲಿ ಕಾಫಿ ಇಟ್ಟುಕೊಂಡು, ಇಳಿದವರನ್ನು ಹೆಸರು ಹಿಡಿದು ಲೆಕ್ಕ ಹಾಕುತ್ತ, ಕೊನೆಯವರು ಬರುವ ತನಕ ಅವನು ಕದಲುತ್ತಿರಲಿಲ್ಲ. ಬಂದವರನ್ನು ಸುಮ್ಮನೆ ಬಿಡುತ್ತಲೂ ಇರಲಿಲ್ಲ. ಏನು ಕಂಡಿರಿ, ಎಷ್ಟಿತ್ತು, ಯಾವ ಬಣ್ಣ ಎಂದು ಕೆದಕಿ ಕೆದಕಿ ಕೇಳುತ್ತಿದ್ದ. ಒಂದು ದಿನವೂ ಏಣಿಯ ಹತ್ತಿರ ಹೋಗಿರಲಿಲ್ಲ, ಆದರೆ ಒಳಗಿನ ದಾರಿಯನ್ನು ಕಣ್ಣಾರೆ ಕಂಡವನಂತೆ ಹೇಳಬಲ್ಲವನಾಗಿದ್ದ.

ಅಂದು ಈರಿಯಾ ಮೇಲೆ ಬಂದು, ಆ ಬಿಳಿ ಹುಳಗಳು ಚಳಿಗಾಲ ದಾಟಿ ಈಗ ಮೊದಲಿಗಿಂತ ಹೆಚ್ಚಾಗಿವೆ ಎಂದು ಹೇಳಿದಳು. ಅವನು ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟು ಕೇಳಿದ:

"ಅದಕ್ಕೆ ಕಣ್ಣಿಲ್ಲ ಅಂತೀಯ. ಅಲ್ಲಿ ಹಗಲೂ ಇಲ್ಲ, ರಾತ್ರಿನೂ ಇಲ್ಲ. ಮತ್ತೆ ಮಲಗೋ ಹೊತ್ತು ಆಯ್ತು ಅಂತ ಅದಕ್ಕೆ ಹೇಗೆ ಗೊತ್ತಾಗುತ್ತೆ? ಮಲಗುತ್ತಾ ಅದು?"

ಈರಿಯಾ ಜೆರ್ಮಾನೊನನ್ನು ನೋಡಿದಳು. ಅವನು ಭುಜ ಕುಣಿಸಿದ. ತನಗೆ ಗೊತ್ತಿಲ್ಲ ಎಂದಳು ಅವಳು. ಯಾರಿಗಾದರೂ ಗೊತ್ತಿದೆಯೋ ಇಲ್ಲವೋ ಅದೂ ಗೊತ್ತಿಲ್ಲ. ಬೇರಿನ ಹತ್ತಿರ ಮಂದವಾದ ಕೆಂಪು ದೀಪ ಇಟ್ಟು, ಅಲುಗಾಡದೆ ಕೂತು, ಸರದಿಯ ಮೇಲೆ ನೋಡಬೇಕಾದೀತು.

ಜುಲ್ಮೀರಾ ಆಗಲೇ ಹೆಲ್ಮೆಟ್ಟಿನ ಪಟ್ಟಿಯನ್ನು ಮತ್ತೆ ಗದ್ದಕ್ಕೆ ಬಿಗಿಯತೊಡಗಿದ್ದಳು. ಇವತ್ತು ಬೇಡ, ಎಲ್ಲರೂ ದಣಿದಿದ್ದೀವಿ, ದಣಿದವರು ಇಳಿಯಬಾರದು ಎಂದು ಜೆರ್ಮಾನೊ ಅವಳ ಕೈ ತಡೆದ. ಅವಳು ಪಟ್ಟಿ ಸಡಿಲಿಸಿದಳು.

"ಸರಿ, ಭಾನುವಾರ ಹೋಗಿ ನೋಡ್ಕೊಂಡು ಬನ್ನಿ," ಎಂದು ಲೌರಿಯಾನೊ ಫ್ಲಾಸ್ಕಿನ ಮುಚ್ಚಳ ಹಾಕಿದ. "ನಾನು ಇಲ್ಲೇ ಇರ್ತೀನಿ."